ಮಾಗಿಯ ಚಳಿಯಲ್ಲಿ ಮೊಮ್ಮಕ್ಕಳೊಡನೆ: ಅಜ್ಜ-ಅಜ್ಜಿಯರಿಗೊಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಮೈಸೂರಿನ ನಮ್ಮ ಮನೆಗೆ ಇಬ್ಬರು ಮೊಮ್ಮಕ್ಕಳು ಬರುತ್ತಾರೆ. ದೊಡ್ಡವಳಿಗೆ ಈಗ ಒಂಬತ್ತು ವರ್ಷ, ಚಿಕ್ಕವನಿಗೆ ನಾಲ್ಕು. ನನಗೆ ಅರವತ್ತೆಂಟಾಗಿದೆ, ಎಡಮಂಡಿ ಸವೆದಿದೆ. ನಮ್ಮ ಮನೆಯವರಿಗೆ ರಕ್ತದೊತ್ತಡವಿದೆ. ದೊಡ್ಡವಳು ಐದು ವರ್ಷದವಳಿದ್ದಾಗ, ಸಿಕ್ಕ ಹತ್ತು ದಿನಗಳಲ್ಲಿ ಊರಿನ ಎಲ್ಲವನ್ನೂ ತೋರಿಸಿಬಿಡಬೇಕೆಂದು ಒಂದೇ ದಿನ ಬೆಳಿಗ್ಗೆ ಚಾಮುಂಡಿ ಬೆಟ್ಟ, ಮಧ್ಯಾಹ್ನ ಮೃಗಾಲಯ, ಸಂಜೆ ಅರಮನೆಯ ದೀಪ ಎಂದು ಓಡಾಡಿಸಿದೆವು. ರಾತ್ರಿ ಮಲಗಿಸುವಾಗ ಏನೇನು ನೋಡಿದೆ ಪುಟ್ಟಿ ಎಂದು ಕೇಳಿದರೆ, ವಾಹನ ನಿಲ್ಲಿಸುವ ಜಾಗದಲ್ಲಿ ಕಂಡ ನಾಯಿಮರಿಯೊಂದನ್ನು ಬಿಟ್ಟು ಅವಳಿಗೆ ಬೇರೇನೂ ನೆನಪಿರಲಿಲ್ಲ. ಮರುದಿನ ನಾನು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದೆ, ಅವಳು ಮೂಗು ಕಟ್ಟಿಕೊಂಡು ಮಲಗಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಬಂದಿದೆ: ದಿನಕ್ಕೆ ಒಂದೇ ಕೆಲಸ, ಅದನ್ನೂ ಮಗುವಿನ ನಡಿಗೆಯ ವೇಗದಲ್ಲಿ. ಕೆಳಗಿನದೆಲ್ಲವೂ ಆ ಕಟ್ಟುಪಾಡಿನ ವಿವರಣೆ.

ಚಳಿಯನ್ನು ಅರ್ಥಮಾಡಿಕೊಳ್ಳುವುದು

ನಮ್ಮ ಹಳೇ ಮೈಸೂರು ಭಾಗದ ಚಳಿ ಹಿಮದ ಚಳಿಯಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಸಾಮಾನ್ಯ ಮಾಗಿಯ ಬೆಳಗುಗಳು ಹದಿನೈದು ಹದಿನಾರು ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಆದರೆ ಅದೇ ದಿನ ಮಧ್ಯಾಹ್ನಕ್ಕೆ ಬಿಸಿಲು ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿಗೆ ಏರುತ್ತದೆ. ಮಕ್ಕಳಿಗೂ ಹಿರಿಯರಿಗೂ ತೊಂದರೆ ಕೊಡುವುದು ಹೆಚ್ಚಾಗಿ ಈ ಏರಿಳಿತವೇ. ಬೆಳಿಗ್ಗೆ ದಪ್ಪ ಸ್ವೆಟರ್ ತೊಡಿಸಿ ಕರೆದೊಯ್ದ ಮಗು ಹತ್ತು ಗಂಟೆಗೆ ಒಳಗೆಲ್ಲ ಬೆವರಿರುತ್ತದೆ. ಬೆವರಿದ ಮೈಗೆ ಕೆರೆಯ ಗಾಳಿ ತಾಗಿದರೆ ಚಳಿ ಇನ್ನಷ್ಟು ಹತ್ತುತ್ತದೆ. ಆದ್ದರಿಂದ ಒಂದು ದಪ್ಪ ಬಟ್ಟೆಗಿಂತ, ಒಂದರ ಮೇಲೊಂದು ತೊಟ್ಟು ಒಂದೊಂದಾಗಿ ಕಳಚಬಹುದಾದ ತೆಳುವಾದ ಬಟ್ಟೆಗಳು ಮೇಲು. ಒಳಗೆ ಹತ್ತಿಯ ಬನಿಯನ್, ಅದರ ಮೇಲೆ ಉದ್ದ ತೋಳಿನ ಅಂಗಿ, ಮೇಲೊಂದು ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ, ಕಾಲಿಗೆ ಕಾಲುಚೀಲ. ಚಿಕ್ಕ ಮಗುವಿಗೆ ಕುಲಾವಿ ಇದ್ದರೆ ಸಾಕು. ಒಂದು ಜೊತೆ ಒಣ ಬಟ್ಟೆ ಚೀಲದಲ್ಲಿ ಯಾವಾಗಲೂ ಇರಲಿ.

ಹೊರಗೆ ಹೋಗಲು ಒಳ್ಳೆಯ ಹೊತ್ತು ಬೆಳಿಗ್ಗೆ ಎಂಟರಿಂದ ಹತ್ತೂವರೆ, ಮಧ್ಯಾಹ್ನ ಮೂರೂವರೆಯಿಂದ ಐದೂವರೆ. ಡಿಸೆಂಬರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕತ್ತಲಾದೊಡನೆ ಗಾಳಿ ತಣ್ಣಗಾಗುತ್ತದೆ. ಬೆಳಗಿನ ಜಾವ ಮಂಜಿನಲ್ಲಿ ವಾಯುವಿಹಾರಕ್ಕೆ ಹೋಗುವ ಅಭ್ಯಾಸವಿರುವ ಹಿರಿಯರು ಈ ದಿನಗಳಲ್ಲಿ ಬಿಸಿಲು ಬೀಳುವವರೆಗೆ ಕಾಯುವುದು ಒಳ್ಳೆಯದು. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ, ಉಬ್ಬಸ ಇರುವವರಿಗೆ ಉಸಿರು ಕಟ್ಟುತ್ತದೆ. ಮೊಮ್ಮಕ್ಕಳು ಬಂದ ಸಂಭ್ರಮದಲ್ಲಿ ನಾವು ಮೊದಲು ಮರೆಯುವುದು ನಮ್ಮ ಮಾತ್ರೆಗಳನ್ನೇ. ನಮ್ಮ ಮನೆಯಲ್ಲಿ ಅಜ್ಜನ ಮಾತ್ರೆ ನೆನಪಿಸುವ ಹೊಣೆಯನ್ನು ಒಂಬತ್ತು ವರ್ಷದವಳಿಗೆ ವಹಿಸಿದ್ದೇವೆ. ಅವಳು ಒಂದು ದಿನವೂ ತಪ್ಪಿಸಿಲ್ಲ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲವಾದ್ದರಿಂದ ಬಿಸಿನೀರಿನ ಫ್ಲಾಸ್ಕ್ ಎಲ್ಲಿಗೆ ಹೋದರೂ ಜೊತೆಗಿರಬೇಕು.

ಮಗ-ಸೊಸೆ, ಮಗಳು-ಅಳಿಯನೊಡನೆ ಮೊದಲೇ ಮಾತು

ಮಕ್ಕಳ ಹೆತ್ತವರು ಹೊರಡುವ ಮುನ್ನ ಅರ್ಧ ಗಂಟೆ ಕುಳಿತು ಕೆಲವು ವಿಷಯಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಮಗುವಿಗೆ ಯಾವ ತಿಂಡಿ ಒಗ್ಗುವುದಿಲ್ಲ, ಅದರಲ್ಲೂ ಕಡಲೆಕಾಯಿ ಮತ್ತು ಎಳ್ಳು ಒಗ್ಗುತ್ತವೆಯೇ ಎಂದು ಸ್ಪಷ್ಟವಾಗಿ ಕೇಳಿ, ಏಕೆಂದರೆ ಈ ಕಾಲದ ನಮ್ಮ ತಿನಿಸುಗಳೆಲ್ಲ ಅವೆರಡರ ಮೇಲೇ ನಿಂತಿವೆ. ಜ್ವರ ಬಂದರೆ ಯಾವ ಔಷಧ, ಎಷ್ಟು ಪ್ರಮಾಣ, ಮಕ್ಕಳ ವೈದ್ಯರ ದೂರವಾಣಿ ಸಂಖ್ಯೆ ಯಾವುದು ಎಂಬುದನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ಮೊಬೈಲ್ ನೋಡಲು ಎಷ್ಟು ಹೊತ್ತು ಬಿಡಬೇಕೆಂಬುದನ್ನೂ ಆಗಲೇ ತೀರ್ಮಾನಿಸಿ. "ಅಜ್ಜಿ ಮನೆಯಲ್ಲಿ ಎಲ್ಲಕ್ಕೂ ರಿಯಾಯಿತಿ" ಎಂಬುದು ಮಗುವಿಗೆ ಸಿಹಿ, ಆದರೆ ಮರಳಿದ ಮೇಲೆ ಅದರ ಕಷ್ಟ ಸೊಸೆಯ ಪಾಲಿಗೆ ಬರುತ್ತದೆ. ಆ ಕಷ್ಟವನ್ನು ನಾವು ಉಂಟುಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಬರುವ ಮೊಮ್ಮಕ್ಕಳಿದ್ದರೆ ಮೊದಲ ಮೂರು ನಾಲ್ಕು ದಿನ ಯಾವ ಪ್ರವಾಸವನ್ನೂ ಇಟ್ಟುಕೊಳ್ಳಬೇಡಿ. ಅಮೆರಿಕದಿಂದ ಬಂದ ಮಕ್ಕಳು ರಾತ್ರಿ ಮೂರಕ್ಕೆ ಎದ್ದು ಕೂರುತ್ತಾರೆ, ಮಧ್ಯಾಹ್ನ ಊಟದ ತಟ್ಟೆಯ ಮುಂದೆ ತೂಕಡಿಸುತ್ತಾರೆ. ಆ ದಿನಗಳನ್ನು ಮನೆಯೊಳಗಿನ ಕೆಲಸಗಳಿಗೆ ಮೀಸಲಿಡಿ, ಬೆಳಗಿನ ಬಿಸಿಲಿನಲ್ಲಿ ಅಂಗಳದಲ್ಲಿ ಆಡಲು ಬಿಡಿ.

ಹತ್ತು ದಿನಗಳನ್ನು ಹಂಚಿಕೊಳ್ಳುವ ಬಗೆ

ಒಂದು ದಿನ ಹೊರಗೆ, ಮರುದಿನ ಮನೆಯಲ್ಲಿ. ಇಷ್ಟೇ ನಮ್ಮ ಲೆಕ್ಕ. ಹತ್ತು ದಿನಗಳಲ್ಲಿ ನಾಲ್ಕು ಹೊರಸಂಚಾರಗಳಾದರೆ ಅದು ಧಾರಾಳ. ಪ್ರತಿ ಸಂಚಾರಕ್ಕೂ ಹಿಂದಿನ ದಿನ ಒಂದು ಸಿದ್ಧತೆ, ಮರುದಿನ ಒಂದು ಮುಂದುವರಿಕೆ ಇರುವಂತೆ ಜೋಡಿಸಿದರೆ ಮನೆಯಲ್ಲಿರುವ ದಿನವೂ ಖಾಲಿ ಎನಿಸುವುದಿಲ್ಲ. ಕೆರೆಗೆ ಹೋಗುವ ಮುನ್ನಾದಿನ ಹಕ್ಕಿಗಳ ಚಿತ್ರ ನೋಡಿ ಮೂರು ಹೆಸರುಗಳನ್ನಷ್ಟೇ ಕಲಿಯುವುದು, ಮರುದಿನ ಕಂಡದ್ದನ್ನು ನೋಟ್ ಪುಸ್ತಕದಲ್ಲಿ ಬಿಡಿಸುವುದು, ಹೀಗೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದೊಡ್ಡ ರಜೆ ದಸರೆಗೇ ಮುಗಿದಿರುವುದರಿಂದ ಆ ಮಕ್ಕಳಿಗೆ ಭಾನುವಾರಗಳೂ ಸಂಕ್ರಾಂತಿಯೂ ಮಾತ್ರ ಸಿಗಬಹುದು. ಅವರೊಡನೆ ಡಿಸೆಂಬರಿನಿಂದ ಜನವರಿಯವರೆಗೆ ಭಾನುವಾರಕ್ಕೊಂದರಂತೆ ಹಂಚಿಕೊಳ್ಳಿ.

ಕೆರೆಯ ದಂಡೆಗೆ: ಹಕ್ಕಿ ನೋಡುವ ಬೆಳಗು

ಚಳಿಗಾಲದ ಸಂಚಾರಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಕೆರೆಗೆ. ಖರ್ಚು ಕಡಿಮೆ, ಕೂರಲು ಜಾಗವಿರುತ್ತದೆ, ಹತ್ತಿ ಇಳಿಯುವುದು ಕಡಿಮೆ, ಮತ್ತು ದೂರದ ನಾಡುಗಳಿಂದ ಹಕ್ಕಿಗಳು ಬಂದಿರುವುದು ಈ ತಿಂಗಳುಗಳಲ್ಲೇ.

ಮೊದಲ ಬಾರಿಗೆ ಊರೊಳಗಿನ ಕೆರೆಯನ್ನೇ ಆರಿಸಿಕೊಳ್ಳಿ. ನಮಗೆ ಕುಕ್ಕರಹಳ್ಳಿ ಕೆರೆ ಹತ್ತಿರ. ಕುವೆಂಪು ಅವರು ನಡೆಯುತ್ತಿದ್ದ ಏರಿ ಅದು. ನೀರಿನ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳು ಕೂತಿರುತ್ತವೆ. ಅದರ ಕೊಕ್ಕಿನ ಕೆಳಗಿನ ಚೀಲವನ್ನು ಒಮ್ಮೆ ಕಂಡ ಮಗು ಅದನ್ನು ಮರೆಯುವುದಿಲ್ಲ. ಹಣೆಯ ಮೇಲೆ ಬಿಳಿ ನಾಮ ಇಟ್ಟುಕೊಂಡಂತಿರುವ ನಾಮದ ಕೋಳಿ, ಇಲ್ಲಿ ಮುಳುಗಿ ಅಲ್ಲಿ ಏಳುವ ಗುಳುಮುಳುಕ, ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುವ ನೀರುಕಾಗೆ: ನಾಲ್ಕು ವರ್ಷದ ಮಗುವಿಗೆ ಇವು ಮೂರೇ ಸಾಕು. ಗುಳುಮುಳುಕ ಮುಳುಗಿದಾಗ ಎಷ್ಟು ಎಣಿಸುವುದರೊಳಗೆ ಮೇಲೆ ಬರುತ್ತದೆ, ಎಲ್ಲಿ ಬರುತ್ತದೆ ಎಂದು ಪಂದ್ಯ ಕಟ್ಟಿದರೆ ಅರ್ಧ ಗಂಟೆ ಕಳೆದದ್ದೇ ತಿಳಿಯದು, ನಮ್ಮ ಮಂಡಿಗೂ ವಿಶ್ರಾಂತಿ ಸಿಗುತ್ತದೆ. ಕೆರೆಯನ್ನು ಪೂರ್ತಿ ಸುತ್ತಬೇಕೆಂಬ ಹಟ ಬೇಡ. ಹೋದಷ್ಟು ದೂರ ಹಿಂದಿರುಗಿ ಬರಬೇಕೆಂಬುದನ್ನು ನೆನಪಿಟ್ಟುಕೊಂಡು, ಮಗು ದಣಿಯುವ ಮೊದಲೇ ತಿರುಗಿಬಿಡಿ. ನಾಲ್ಕು ವರ್ಷದ ಮಗುವನ್ನು ಎತ್ತಿಕೊಂಡು ಬರುವ ವಯಸ್ಸು ನಮ್ಮದಲ್ಲ.

ದುರ್ಬೀನು ಇದ್ದರೆ ಒಳ್ಳೆಯದು. ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ಹೆಚ್ಚು ಪಟ್ಟಿನದಾದಷ್ಟೂ ಕೈ ನಡುಗಿ ಚಿತ್ರ ಅಲುಗುತ್ತದೆ. ಪಟ್ಟಿಯನ್ನು ಕೊರಳಿಗೆ ಹಾಕಿದ ಮೇಲೆಯೇ ಮಗುವಿನ ಕೈಗೆ ಕೊಡಿ, ಸೂರ್ಯನ ಕಡೆ ಎಂದೂ ತಿರುಗಿಸಬಾರದೆಂದು ಪ್ರತಿ ಸಲವೂ ಹೇಳಿ. ಐದು ವರ್ಷದೊಳಗಿನ ಮಕ್ಕಳಿಗೆ ದುರ್ಬೀನು ಹಿಡಿಯುವುದೇ ಕಷ್ಟ, ಅವರಿಗೆ ಬರಿಗಣ್ಣಿಗೆ ಕಾಣುವ ದೊಡ್ಡ ಹಕ್ಕಿಗಳನ್ನೇ ತೋರಿಸಿ.

ಎರಡನೆಯ ಸಂಚಾರಕ್ಕೆ ರಂಗನತಿಟ್ಟು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳ ಈ ತಾಣವನ್ನು ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಇದು ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂಬ ಮಾನ್ಯತೆ ಪಡೆಯಿತು. ಬಾಗಿಲು ತೆರೆಯುವ ಹೊತ್ತಿಗೆ, ವಾರದ ನಡುವಿನ ದಿನದಲ್ಲಿ ಹೋಗಿ. ಹಿಂದೊಮ್ಮೆ ಒಂದು ಪಕ್ಷಿಧಾಮಕ್ಕೆ ರಜೆಯ ಭಾನುವಾರ ಹನ್ನೊಂದು ಗಂಟೆಗೆ ಹೋಗಿ, ದೋಣಿಯ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು, ದೋಣಿ ಹತ್ತುವ ಹೊತ್ತಿಗೆ ಚಿಕ್ಕವನು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ದೋಣಿಯಲ್ಲಿ ಮಕ್ಕಳಿಗೂ ನಮಗೂ ರಕ್ಷಾಕವಚ ಕಟ್ಟಿಸಿಕೊಳ್ಳಿ, ಮಗು ನಡುವೆ ಕೂರಲಿ, ಕೈ ನೀರಿಗೆ ಇಳಿಬಿಡದಂತೆ ಮೊದಲೇ ತಿಳಿಸಿ, ಏಕೆಂದರೆ ಅಲ್ಲಿನ ಬಂಡೆಗಳ ಮೇಲೆ ಮೊಸಳೆಗಳು ಮಲಗಿರುತ್ತವೆ. ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಯನ್ನು ಕಂಡು ಚಿಕ್ಕವನು "ಅಜ್ಜಿ, ಅದಕ್ಕೂ ಚಳಿನಾ?" ಎಂದು ಕೇಳಿದ. ಮೊಸಳೆಯ ಮೈಗೆ ತಾನೇ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲ, ಬಿಸಿಲಿನಿಂದ ಪಡೆಯಬೇಕು ಎಂದು ಹೇಳಿದೆ. ಅಂದಿನಿಂದ ಬೆಳಿಗ್ಗೆ ಬಿಸಿಲಿಗೆ ಚಾಪೆ ಹಾಕಿಕೊಂಡು ಮಲಗುವುದಕ್ಕೆ ಅವನಿಟ್ಟ ಹೆಸರು ಮೊಸಳೆ ಆಟ.

ದೊಡ್ಡ ಮಗುವಿದ್ದು, ನಿಮಗೆ ಕಾರಿನ ಅನುಕೂಲವಿದ್ದರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಒಮ್ಮೆ ಹೋಗಿ. ಊರಿನ ಹೆಸರೇ ಹದಿನಾರು ಎಂದಾಗ ಮಕ್ಕಳಿಗೆ ಅದೇ ಒಂದು ಸೋಜಿಗ. ಮಂಗೋಲಿಯಾ, ಟಿಬೆಟ್ ಕಡೆಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿಗಳು ಹಗಲು ನೀರಿನ ನಡುವೆ ವಿಶ್ರಮಿಸಿ, ಕತ್ತಲಾದ ಮೇಲೆ ಗದ್ದೆ ಹೊಲಗಳಿಗೆ ಮೇಯಲು ಹೋಗುತ್ತವೆ. ಗದಗ ಜಿಲ್ಲೆಯವರಿಗೆ ಶಿರಹಟ್ಟಿ ಬಳಿಯ ಮಾಗಡಿ ಕೆರೆಯಲ್ಲಿ ಇದೇ ನೋಟ ಸಿಗುತ್ತದೆ. ಹೋಗುವ ಮುನ್ನಾದಿನ ಗೋಡೆಯ ಭೂಪಟದಲ್ಲಿ ಮಂಗೋಲಿಯಾದಿಂದ ನಂಜನಗೂಡಿಗೆ ದಾರವೊಂದನ್ನು ಹಿಡಿದು ತೋರಿಸಿ. ಒಂಬತ್ತು ವರ್ಷದವಳು ಮರುದಿನ ಕೆರೆಯ ದಂಡೆಯಲ್ಲಿ ಮಾತಿಲ್ಲದೆ ಇಪ್ಪತ್ತು ನಿಮಿಷ ಕೂತದ್ದು ಆ ದಾರದ ಫಲವೆಂದೇ ನಾನು ನಂಬಿದ್ದೇನೆ. ಹಳ್ಳಿಯ ಕೆರೆಗಳ ಬಳಿ ಶೌಚಾಲಯ, ಅಂಗಡಿ ಸಿಗುತ್ತವೆಂದು ಎಣಿಸಬೇಡಿ. ದಾರಿಯಲ್ಲಿ ನಂಜನಗೂಡಿನಲ್ಲೇ ಮಕ್ಕಳನ್ನು ಶೌಚಕ್ಕೆ ಕರೆದೊಯ್ದು ಮುಂದೆ ಸಾಗಿ. ಹಕ್ಕಿಗಳನ್ನು ಹಾರಿಸಲು ಕಲ್ಲೆಸೆಯುವುದು, ಕೂಗುವುದು ಕೂಡದು. ಅಷ್ಟು ದೂರ ಹಾರಿ ಬಂದವು ಅತಿಥಿಗಳು ಎಂದು ಹೇಳಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಊರಿನ ಸಂಭ್ರಮಗಳು

ಮೃಗಾಲಯಕ್ಕೆ ಹೋಗುವುದಾದರೆ ಸಾಮಾನ್ಯವಾಗಿ ಮಂಗಳವಾರ ರಜೆ ಎಂಬುದನ್ನು ನೆನಪಿಡಿ. 1892ರಲ್ಲಿ ಸ್ಥಾಪನೆಯಾದ ಈ ಚಾಮರಾಜೇಂದ್ರ ಮೃಗಾಲಯ ಬಹಳ ವಿಸ್ತಾರವಾದದ್ದು. ಪೂರ್ತಿ ನಡೆಯುವುದು ನಮಗೂ ಆಗದು, ಮಗುವಿಗೂ ಬೇಡ. ಹಿರಿಯರಿಗೆ ಬ್ಯಾಟರಿ ವಾಹನ ಸಿಗುತ್ತದೆ. ಮಗು ಐದು ಪ್ರಾಣಿಗಳನ್ನು ಆರಿಸಿಕೊಳ್ಳಲಿ, ಅವುಗಳ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಲಿ. ಡಿಸೆಂಬರ್ ಕೊನೆಯಲ್ಲಿ ಅರಮನೆಯ ಆವರಣದಲ್ಲಿ ಮಾಗಿ ಉತ್ಸವದ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಸಂಜೆ ನೂಕುನುಗ್ಗಲು, ಬೆಳಿಗ್ಗೆ ನೆಮ್ಮದಿ. ಇಂಥ ಜಾಗಗಳಿಗೆ ಹೋಗುವಾಗ ಮಗುವಿನ ಅಂಗಿಯ ಒಳಜೇಬಿನಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ. ಕೈ ತಪ್ಪಿದರೆ ಇದ್ದಲ್ಲೇ ನಿಲ್ಲಬೇಕು, ಹುಡುಕಿಕೊಂಡು ಬರುವುದು ಅಜ್ಜಿಯ ಕೆಲಸ ಎಂದು ಬಾಯಿಪಾಠ ಮಾಡಿಸಿ.

ಬೆಂಗಳೂರಿನಲ್ಲಿರುವವರಿಗೆ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಜನವರಿಯಲ್ಲಿ ಲಾಲ್‌ಬಾಗಿನ ಗಣರಾಜ್ಯೋತ್ಸವದ ಪುಷ್ಪ ಪ್ರದರ್ಶನ ಇವೆ. ಪರಿಷೆಯ ಗದ್ದಲಕ್ಕೆ ಚಿಕ್ಕ ಮಗುವನ್ನು ಕರೆದೊಯ್ಯುವುದಾದರೆ ಬೆಳಿಗ್ಗೆ ಏಳೂವರೆಗೆ ಹೋಗಿ ಒಂಬತ್ತಕ್ಕೆ ಮರಳಿ. ಉತ್ತರ ಕರ್ನಾಟಕದಲ್ಲಿ ಹೊಲವಿರುವ ಮನೆಗಳಿಗೆ ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ (ಭೂತಾಯಿಗೆ ನೈವೇದ್ಯವಾಗಿ ಅಡುಗೆಯನ್ನು ಹೊಲದಲ್ಲಿ ಚೆಲ್ಲಿ) ಹೊಲದಲ್ಲೇ ಉಣ್ಣುವ ಹಬ್ಬಕ್ಕಿಂತ ಒಳ್ಳೆಯ ಸಂಚಾರ ಇನ್ನೊಂದಿಲ್ಲ. ಎಳೆಯ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಭಾಗ್ಯ ನಮ್ಮ ಕಡೆಯ ಮಕ್ಕಳಿಗಿಲ್ಲ.

ತಾರಸಿಯ ಮೇಲೆ ಒಂದು ರಾತ್ರಿ

ಇದಕ್ಕೆ ಟಿಕೆಟ್ ಬೇಡ, ವಾಹನ ಬೇಡ. ಮೋಡವಿಲ್ಲದ, ಚಂದ್ರನಿಲ್ಲದ ರಾತ್ರಿ ಎಂಟು ಗಂಟೆಗೆ ತಾರಸಿಯ ಮೇಲೆ ಜಮಖಾನ ಹಾಸಿ, ರಗ್ಗು ಹೊದ್ದು ಮಲಗಿ. ಮೇಲೆ ನೋಡುತ್ತ ಕೂತರೆ ನಮ್ಮ ಕತ್ತು ನೋಯುತ್ತದೆ. ಮನೆಯ ದೀಪಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲಿಗೆ ಒಗ್ಗಲು ಹದಿನೈದು ನಿಮಿಷ ಬಿಡಿ. ಮೊದಲು ಪೂರ್ವದ ಕಡೆ ಒಂದೇ ಸಾಲಿನಲ್ಲಿರುವ ಮೂರು ನಕ್ಷತ್ರಗಳನ್ನು ಹುಡುಕಿಸಿ. ಅದು ಮಹಾವ್ಯಾಧನೆಂಬ ನಕ್ಷತ್ರಪುಂಜದ ನಡುಪಟ್ಟಿ. ಆ ಸಾಲನ್ನು ಕೆಳಗೆ ಚಾಚಿದರೆ ಇರುಳಿನ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ, ಮೇಲಕ್ಕೆ ಚಾಚಿದರೆ ಕೆಂಪಾದ ರೋಹಿಣಿ, ಇನ್ನೂ ಮೇಲೆ ಚಿಕ್ಕ ಗೊಂಚಲಿನಂತಿರುವ ಕೃತ್ತಿಕೆ. ಪಟ್ಟಿಯ ಪಕ್ಕದಲ್ಲಿ ಹೊಳೆಯುವ ಕೆಂಪು ನಕ್ಷತ್ರವೇ ಆರ್ದ್ರಾ. ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಕಾಣುತ್ತವೆಂದು ಎಲ್ಲರೂ ಎಣಿಸಿ. ಕಾರ್ತಿಕೇಯನನ್ನು ಸಾಕಿದ ತಾಯಂದಿರು ಆರು. ಎಳೆಯ ಕಣ್ಣುಗಳಿಗೆ ಆರೂ ಕಾಣುವಾಗ ನಮಗೆ ಒಂದು ಮಬ್ಬು ಮಾತ್ರ ಕಾಣುತ್ತದೆ, ಮತ್ತು ಅಂದು ತೋರಿಸುವವರು ಮಕ್ಕಳು, ನೋಡುವವರು ನಾವು. ಡಿಸೆಂಬರ್ 13 ಮತ್ತು 14ರ ನಡುವಿನ ರಾತ್ರಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಹೆಚ್ಚಾಗಿ ಬೀಳುತ್ತವೆ. ಆಗ ಮಕ್ಕಳು ಜೊತೆಗಿದ್ದರೆ ಒಂಬತ್ತು ಗಂಟೆಯ ಮೇಲೆ ಒಂದಿಷ್ಟು ಹೊತ್ತು ಕಾದು ನೋಡಿ. ತಾರಸಿಯ ಕಟ್ಟೆ ಗಿಡ್ಡವಾಗಿದ್ದರೆ ಮಕ್ಕಳನ್ನು ಎದ್ದು ಓಡಾಡಲು ಬಿಡಬೇಡಿ, ಮೆಟ್ಟಿಲಿಗೆ ಟಾರ್ಚ್ ಇರಲಿ.

ಮನೆಯ ದಿನಗಳು: ಅವರೆಕಾಯಿ

ಮಾರುಕಟ್ಟೆಗೆ ಸೊಗಡಿನ ಅವರೆಕಾಯಿ ಬಂದಿರುತ್ತದೆ. ಮಕ್ಕಳನ್ನು ಕರೆದುಕೊಂಡೇ ಕೊಳ್ಳಲು ಹೋಗಿ, ಕಾಯಿ ಮೂಸಿ ನೋಡಲಿ, ಕೈಗೆ ಅಂಟುವ ಆ ಜಿಡ್ಡು ಏನೆಂದು ತಿಳಿಯಲಿ. ಮನೆಯಲ್ಲಿ ಹಳೆಯ ಪತ್ರಿಕೆ ಹಾಸಿ ಸುತ್ತ ಕೂತು ಸುಲಿಯುವಾಗ ಹಸಿರು ಹುಳುವೊಂದು ಕಂಡರೆ ಕಿರುಚಾಟವಾಗುತ್ತದೆ. ಬೈಯಬೇಡಿ, ಹುಳುವನ್ನು ಗಿಡದ ಮೇಲೆ ಬಿಟ್ಟು ಬರುವ ಕೆಲಸವನ್ನು ಅವರಿಗೇ ಕೊಡಿ. ಕಾಳನ್ನು ರಾತ್ರಿ ನೀರಿನಲ್ಲಿ ನೆನೆಸಿದರೆ ಬೆಳಿಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದೊಡನೆ ಬೇಳೆ ಚಿಮ್ಮುತ್ತದೆ. ಹಿದುಕುವುದು ನಾಲ್ಕು ವರ್ಷದ ಮಗುವಿಗೂ ಬರುವ ಕೆಲಸ. ಪಾತ್ರೆಯೊಳಗೇ ಚಿಮ್ಮಬೇಕೆಂಬ ಗುರಿ ಇಟ್ಟರೆ ಆಟ, ಸಂಜೆಗೆ ಸಾರು.

ಎಳ್ಳು-ಬೆಲ್ಲ, ಸಕ್ಕರೆ ಅಚ್ಚು

ಸಂಕ್ರಾಂತಿಗೆ ಹತ್ತು ದಿನ ಮೊದಲೇ ಕೆಲಸ ಆರಂಭಿಸಿ. ನಮ್ಮ ಮನೆಯ ಅಳತೆ ಹೀಗೆ: ಹುರಿಗಡಲೆ, ಕಡಲೆಬೀಜ, ಕೊಬ್ಬರಿ, ಬೆಲ್ಲ ತಲಾ ಒಂದು ಪಾವು, ಬಿಳಿ ಎಳ್ಳು ಅರ್ಧ ಪಾವು. ಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು ಸಣ್ಣಗೆ ಹೆಚ್ಚಿ ಎರಡು ಮೂರು ದಿನ ಬಿಸಿಲಿಗೆ ಹಾಕಬೇಕು. ಗಟ್ಟಿ ಅಚ್ಚು ಬೆಲ್ಲವನ್ನು ಅಷ್ಟೇ ಸಣ್ಣಗೆ ಕತ್ತರಿಸಿ ಬೇರೆ ತಟ್ಟೆಯಲ್ಲಿ ಒಣಗಿಸಬೇಕು. ಹೆಚ್ಚುವುದು, ಕತ್ತರಿಸುವುದು ನನ್ನ ಕೆಲಸ. ಬಿಸಿಲಿನಲ್ಲಿ ಇಟ್ಟ ತಟ್ಟೆಗಳಿಗೆ ಕಾಗೆ, ಅಳಿಲು ಬಾರದಂತೆ ಕಾಯುವುದು ಚಿಕ್ಕವನ ಕೆಲಸ. ಕಾಯುವವನೇ ಅರ್ಧ ತಿನ್ನುತ್ತಾನಾದ್ದರಿಂದ ಕೊಬ್ಬರಿ ಸ್ವಲ್ಪ ಹೆಚ್ಚು ಹಾಕಿಕೊಳ್ಳಿ. ಕಡಲೆಬೀಜವನ್ನು ಹದವಾಗಿ ಹುರಿದು ಆರಿದ ಮೇಲೆ ಮಕ್ಕಳು ಅಂಗೈಯಲ್ಲಿ ಉಜ್ಜಿ ಸಿಪ್ಪೆ ಬಿಡಿಸಲಿ, ಬೇಳೆ ಒಡೆಯಲಿ. ಮೊರದಲ್ಲಿ ಕೇರುವುದನ್ನು ಒಂಬತ್ತು ವರ್ಷದವಳಿಗೆ ಕಲಿಸಿದೆ. ಮೊದಲ ದಿನ ಬೀಜವೆಲ್ಲ ಅಂಗಳಕ್ಕೆ ಹೋಯಿತು, ಮೂರನೆಯ ದಿನ ಸಿಪ್ಪೆ ಮಾತ್ರ ಹಾರಿತು. ಎಳ್ಳನ್ನು ಹಬ್ಬದ ಮುನ್ನಾದಿನವೇ ಹುರಿದು ಎಲ್ಲವನ್ನೂ ಬೆರೆಸಿ. ಬೆಚ್ಚಗಿರುವಾಗ ಬೆರೆಸಿದರೆ ಬೆಲ್ಲ ಅಂಟುತ್ತದೆ.

ಸಕ್ಕರೆ ಅಚ್ಚಿನಲ್ಲಿ ಎಚ್ಚರ ಹೆಚ್ಚು ಬೇಕು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಗಳನ್ನು ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯುವುದನ್ನು ಮಕ್ಕಳು ಮಾಡಲಿ. ಸಕ್ಕರೆಗೆ ನೀರು ಹಾಕಿ ಕುದಿಸಿ, ತುಸು ಹಾಲು ಹಾಕಿ ಮೇಲೆ ಬರುವ ಕೊಳೆ ತೆಗೆದು, ಪಾಕ ಹದಕ್ಕೆ ಬಂದು ಬೆಳ್ಳಗಾಗುವವರೆಗೆ ತಿರುವಿ ಅಚ್ಚಿಗೆ ಹೊಯ್ಯುವಷ್ಟು ಹೊತ್ತು ಮಕ್ಕಳು ಅಡುಗೆಮನೆಯ ಹೊಸ್ತಿಲಿನ ಆಚೆಯೇ ಇರಬೇಕು. ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಬಿಡಿಸಲಾಗದು, ಸುಟ್ಟ ಗಾಯ ಆಳವಾಗುತ್ತದೆ. ತಣಿದ ಮೇಲೆ ಬ್ಯಾಂಡ್ ಬಿಚ್ಚಿ ಗಿಳಿ, ಮೀನು, ಮಂಟಪವನ್ನು ಹೊರತೆಗೆಯುವ ಕ್ಷಣವನ್ನು ಅವರಿಗೇ ಬಿಡಿ.

ಸಂಕ್ರಾಂತಿಯ ದಿನ ಐದು ವರ್ಷದೊಳಗಿನ ಮಕ್ಕಳಿಗೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ತಲೆಯ ಮೇಲಿಂದ ಕರಿ ಎರೆಯುವುದು ನಮ್ಮಲ್ಲಿನ ವಾಡಿಕೆ. ಎರೆದೊಡನೆ ನೆರೆಮನೆಯ ಮಕ್ಕಳು ಆರಿಸಲು ಮುಗಿಬೀಳುತ್ತಾರೆ. ಚಿಕ್ಕವರು ಕಾಸನ್ನೋ ಕಬ್ಬಿನ ಚೂರನ್ನೋ ಬಾಯಿಗೆ ಹಾಕಿಕೊಳ್ಳದಂತೆ ಒಬ್ಬರು ನೋಡುತ್ತಿರಬೇಕು. ಇಡಿಯಾದ ಕಡಲೆಬೀಜ, ಹುರಿಗಡಲೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಐದರೊಳಗಿನ ಮಕ್ಕಳಿಗೆ ನಿಜವಾಗಿಯೂ ಇದೆ. ಅವರ ಪಾಲಿನ ಎಳ್ಳು-ಬೆಲ್ಲವನ್ನು ಪುಡಿ ಮಾಡಿ ಕೊಡಿ, ಕೂತು ತಿನ್ನಿಸಿ, ಓಡುತ್ತಾ ತಿನ್ನಲು ಬಿಡಬೇಡಿ. ಸಂಜೆ ಎಳ್ಳು ಬೀರಲು ಹೋಗುವಾಗ ತಟ್ಟೆ ಹಿಡಿಯುವುದು ದೊಡ್ಡವಳು, ಬಾಗಿಲು ತಟ್ಟಿ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎನ್ನುವುದು ಚಿಕ್ಕವನು. ಬೀದಿಯ ಹತ್ತು ಮನೆ ಸಾಕು, ನಡುವೆ ಯಾರ ಮನೆಯ ಜಗಲಿಯಲ್ಲಾದರೂ ಕೂತು ನೀರು ಕುಡಿದು ಮುಂದೆ ಹೋಗಬಹುದು.

ಮಕ್ಕಳು ಊರಿಗೆ ಹೊರಡುವಾಗ ಹಕ್ಕಿಗಳ ನೋಟ್ ಪುಸ್ತಕವನ್ನು ಅವರ ಚೀಲಕ್ಕೆ ಹಾಕಿ, ಉಳಿದ ಎಳ್ಳು-ಬೆಲ್ಲವನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಕೊಡಿ. ಮರದ ಅಚ್ಚುಗಳನ್ನು ಬಿಸಿನೀರಿನಲ್ಲಿ ತೊಳೆದು, ಎಣೆ ತಪ್ಪದಂತೆ ಜೋಡಿಜೋಡಿಯಾಗಿ ನೆರಳಲ್ಲಿ ಒಣಗಿಸಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಈ ಸಲ ಗಿಳಿಯ ಅಚ್ಚಿನ ಬಾಲ ಮುರಿದಿದೆ. ಮುಂದಿನ ಸಲ ಅವರು ಬರುವ ಮೊದಲು ಬಡಗಿಗೆ ಕೊಟ್ಟು ಸರಿಮಾಡಿಸಬೇಕೆಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೇನೆ.